ಅಲ್ಪವಿರಾಮಕ್ಕೂ ಒಂದು ಹೆಸರಿದೆ

ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಫೋನ್ ಸಭೆಯಲ್ಲಿ, ಒಟ್ಟು ಎಷ್ಟು ದಾಖಲೆಗಳಿವೆ ಎಂದು ಆ ಕಡೆಯವರು ಕೇಳಿದರು. ನನ್ನ ಪರದೆಯ ಮೇಲೆ 12,40,000 ಎಂದಿತ್ತು. ಮನಸ್ಸಿನಲ್ಲಿ ಹನ್ನೆರಡು ಲಕ್ಷದ ನಲವತ್ತು ಸಾವಿರ ಎಂದು ಓದಿಕೊಂಡು, ಬಾಯಲ್ಲಿ “ಟ್ವೆಲ್ವ್ ಮಿಲಿಯನ್ ಫಾರ್ಟಿ ಥೌಸಂಡ್” ಎಂದುಬಿಟ್ಟೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಅಷ್ಟೊಂದಾ ಎಂಬ ಧಾಟಿಯಲ್ಲಿ ಒಂದು ಪ್ರಶ್ನೆ ಬಂತು. ಅಂಕಿ ಕಣ್ಣೆದುರೇ ಇದೆಯಲ್ಲ ಎಂಬ ಧೈರ್ಯಕ್ಕೆ “ಯೆಸ್, ಯೆಸ್” ಎಂದೆ. ಸಂಜೆ ಸಭೆಯ ಟಿಪ್ಪಣಿ ಮೇಲ್‌ನಲ್ಲಿ ಬಂತು. ಅದರಲ್ಲಿ 12,040,000 ಎಂದಿತ್ತು. ಹತ್ತಿರ ಹತ್ತಿರ ಹತ್ತು ಪಟ್ಟು! ಅಷ್ಟನ್ನೂ ಸಾಗಿಸಲು ಎಷ್ಟು ಜಾಗ ಬೇಕು, ಎಷ್ಟು ದಿನ ಬೇಕು ಎಂದು ಪಾಪ ಅವರು ಲೆಕ್ಕ ಹಾಕಿಯೂ ಆಗಿತ್ತು.

ಹತ್ತು ಲಕ್ಷಕ್ಕೆ ಒಂದು ಮಿಲಿಯನ್ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ನಾಲ್ಕು ಜನ ಕೇಳಿಸಿಕೊಳ್ಳುತ್ತಿರುವಾಗ ಬಾಯಿಪಾಠ ನೆರವಿಗೆ ಬರಲಿಲ್ಲ. ಸಾವಿರದ ಪಕ್ಕದ ಮನೆ ಲಕ್ಷದ್ದು, ಥೌಸಂಡ್‌ನ ಪಕ್ಕದ ಮನೆ ಮಿಲಿಯನ್‌ನದ್ದು, ಆದ್ದರಿಂದ ಇವೆರಡೂ ಒಂದೇ ಮನೆ ಎಂದು ನಾಲಿಗೆ ತಾನೇ ತೀರ್ಮಾನಿಸಿಬಿಟ್ಟಿತ್ತು.

ಆ ರಾತ್ರಿ ಕಾಗದ ಹಿಡಿದು ಕೂತಾಗ ಒಂದು ವಿಷಯ ಹೊಳೆಯಿತು. 99,999ರ ತನಕ ಕನ್ನಡವೂ ಇಂಗ್ಲಿಷೂ ಅಣ್ಣತಮ್ಮಂದಿರಂತೆ ಜೊತೆಯಲ್ಲೇ ನಡೆಯುತ್ತವೆ. ತೊಂಬತ್ತೊಂಬತ್ತು ಸಾವಿರ ಎಂದರೆ ನೈಂಟಿ ನೈನ್ ಥೌಸಂಡ್, ಪದಕ್ಕೆ ಪದ. ಅದರ ಮುಂದಿನ ಹೆಜ್ಜೆಯಲ್ಲೇ ದಾರಿ ಕವಲೊಡೆಯುತ್ತದೆ. ನಾವು ಸಾವಿರದ ನಂತರ ಎರಡೆರಡು ಅಂಕಿಗೆ ಕತ್ತರಿಸುತ್ತೇವೆ, ಅವರು ಮೂರು ಮೂರಕ್ಕೆ. ಹಾಗಾಗಿ ಹನ್ನೆರಡು ಲಕ್ಷದ ನಲವತ್ತು ಸಾವಿರವನ್ನು ಇಂಗ್ಲಿಷಿಗೆ ತಂದರೆ ಅದರಲ್ಲಿ “ಹನ್ನೆರಡು” ಎಂಬ ಮಾತೇ ಉಳಿಯುವುದಿಲ್ಲ. ಹನ್ನೆರಡರ ಒಂದು ಒಡೆದು ಮಿಲಿಯನ್‌ಗೆ ಹೋಗುತ್ತದೆ, ಎರಡು ಹೋಗಿ ನಲವತ್ತನ್ನು ಸೇರಿಕೊಳ್ಳುತ್ತದೆ: 1,240,000, ಒನ್ ಮಿಲಿಯನ್ ಟೂ ಹಂಡ್ರೆಡ್ ಫಾರ್ಟಿ ಥೌಸಂಡ್. ನಾನು ಇಷ್ಟು ವರ್ಷ ಮಾಡುತ್ತಿದ್ದದ್ದು ಅಂಕಿಯನ್ನು ಮೊದಲು ಕನ್ನಡದಲ್ಲಿ ಓದಿ, ಆ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ. ಹಾಗೆ ತಿರುಗಿಸಲು ಬರುವುದೇ ಇಲ್ಲ. ಮಾತನ್ನು ಬಿಟ್ಟು ಅಂಕಿಗೇ ಮರಳಿ, ಹೊಸದಾಗಿ ಕತ್ತರಿಸಿಕೊಂಡು ಓದಬೇಕು.

ಅಂದಿನಿಂದ ಲಕ್ಷಕ್ಕೆ ಎಷ್ಟು, ಕೋಟಿಗೆ ಎಷ್ಟು ಎಂಬ ಕೋಷ್ಟಕವನ್ನು ಪಕ್ಕಕ್ಕಿಟ್ಟೆ. ಮೊದಲ ವಾರ ಸಾವಿರ ದಾಟಲೇ ಇಲ್ಲ. ಬರೀ ಮೂರಂಕಿ ಸಂಖ್ಯೆಗಳು: 407, 640, 016, 999. ಸಿಕ್ಕ ಸಿಕ್ಕಲ್ಲಿ ಗಟ್ಟಿಯಾಗಿ ಓದಿದೆ. ಮಕ್ಕಳಾಟ ಎನಿಸುತ್ತದೆ, ಆದರೆ ಎಷ್ಟೇ ದೊಡ್ಡ ಸಂಖ್ಯೆಯಾದರೂ ಇಂಗ್ಲಿಷಿನಲ್ಲಿ ಬಾಯಿಗೆ ಬರುವುದು ಈ ಮೂರಂಕಿಯ ತುಂಡುಗಳೇ. ಎರಡನೇ ವಾರ ಅಲ್ಪವಿರಾಮಕ್ಕೆ ಹೆಸರಿಟ್ಟೆ. ಬಲದಿಂದ ಎಣಿಸಿದರೆ ಮೊದಲನೆಯದು ಥೌಸಂಡ್, ಎರಡನೆಯದು ಮಿಲಿಯನ್, ಮೂರನೆಯದು ಬಿಲಿಯನ್, ನಾಲ್ಕನೆಯದು ಟ್ರಿಲಿಯನ್. ಅಲ್ಪವಿರಾಮವನ್ನು ಕಣ್ಣಿಗೆ ಕಾಣುವ ಗುರುತಾಗಿ ನೋಡುವುದನ್ನು ಬಿಟ್ಟು ಉಚ್ಚರಿಸಬೇಕಾದ ಪದವಾಗಿ ನೋಡತೊಡಗಿದ ಮೇಲೆ ಅರ್ಧ ಭಯ ಹೋಯಿತು. ಬೆಳಕಿನ ವೇಗ ಸೆಕೆಂಡಿಗೆ 299,792,458 ಮೀಟರ್. ಎರಡು ಅಲ್ಪವಿರಾಮ, ಹಾಗಾಗಿ ಮಿಲಿಯನ್‌ನಿಂದ ಶುರು: ಟೂ ಹಂಡ್ರೆಡ್ ನೈಂಟಿ ನೈನ್ — ಮಿಲಿಯನ್ — ಸೆವೆನ್ ಹಂಡ್ರೆಡ್ ನೈಂಟಿ ಟೂ — ಥೌಸಂಡ್ — ಫೋರ್ ಹಂಡ್ರೆಡ್ ಫಿಫ್ಟಿ ಎಯ್ಟ್. ಎಣಿಸುವುದು ಬಲದಿಂದ, ಓದುವುದು ಎಡದಿಂದ. ಎಣಿಸದೆ ಓದಲು ಹೊರಟರೆ ಮಧ್ಯದಲ್ಲಿ ಸಿಕ್ಕಿಬೀಳುವುದು ಖಂಡಿತ.

ಈ ಅಭ್ಯಾಸಕ್ಕೆ ಅಡ್ಡ ಬಂದದ್ದು ನನ್ನದೇ ಕಂಪ್ಯೂಟರ್. ಅದರ ಪ್ರದೇಶದ ಸೆಟ್ಟಿಂಗ್ ನಮ್ಮ ಕ್ರಮಕ್ಕಿತ್ತು, ಆದ್ದರಿಂದ ಹಾಳೆಯಲ್ಲಿ 12,40,000 ಎಂದೇ ತೋರಿಸುತ್ತಿತ್ತು. ಆ ಕಡೆಯಿಂದ ಬರುವ ವರದಿಗಳಲ್ಲಿ ಅದೇ ಸಂಖ್ಯೆ 1,240,000. ಅಂಕಿಗಳನ್ನು ಗುಂಪು ಮಾಡುವ ಆಯ್ಕೆಯನ್ನು ಬದಲಿಸಿ ಎಲ್ಲವನ್ನೂ ಮೂರು ಮೂರಕ್ಕೆ ತಂದುಕೊಂಡೆ. ಇಂಗ್ಲಿಷಿನಲ್ಲಿ ಓದಿ ಹೇಳಬೇಕಾದ ಅಂಕಿ ಇಂಗ್ಲಿಷಿನ ಅಲ್ಪವಿರಾಮದಲ್ಲೇ ಇರಬೇಕು ಎಂಬುದು ಈಗ ನನ್ನ ಕಟ್ಟುನಿಟ್ಟಿನ ನಿಯಮ. ಕಾಗದದ ಮೇಲೆ ನಮ್ಮ ಕ್ರಮದಲ್ಲಿದ್ದರೆ ಪೆನ್ಸಿಲ್‌ನಿಂದ ಹೊಸ ಗೆರೆ ಎಳೆದುಕೊಂಡೇ ಬಾಯಿ ತೆರೆಯುತ್ತೇನೆ.

ನಾಲಿಗೆ ಎಲ್ಲಕ್ಕಿಂತ ಹೆಚ್ಚು ಹಟ ಹಿಡಿದದ್ದು ಥೌಸಂಡ್‌ನ ವಿಷಯದಲ್ಲಿ. ಭೂಮಿಯಿಂದ ಚಂದ್ರನಿಗೆ ಸರಾಸರಿ 384,400 ಕಿಲೋಮೀಟರ್. ತ್ರೀ ಹಂಡ್ರೆಡ್ ಎಯ್ಟಿ ಫೋರ್ ಥೌಸಂಡ್ ಫೋರ್ ಹಂಡ್ರೆಡ್ ಎನ್ನಬೇಕು. ಮುನ್ನೂರ ಎಂಬತ್ನಾಲ್ಕು ಸಾವಿರ! ಕನ್ನಡದಲ್ಲಿ ಹಾಗೆ ಅಂದರೆ, ಲಕ್ಷ ಗೊತ್ತಿಲ್ಲವೇನೋ ಪಾಪ ಎಂದುಕೊಳ್ಳುತ್ತಾರೆ. ನಮ್ಮ ಕಿವಿಯಲ್ಲಿ ಸಾವಿರ ತೊಂಬತ್ತೊಂಬತ್ತಕ್ಕೆ ಮುಗಿದುಹೋಗುತ್ತದೆ, ಅವರ ಕಿವಿಯಲ್ಲಿ ಒಂಬೈನೂರ ತೊಂಬತ್ತೊಂಬತ್ತರ ತನಕ ಓಡುತ್ತದೆ. ಇದಕ್ಕೆ ನಾನು ಮಾಡಿಕೊಂಡ ಸಮಾಧಾನ ಇಷ್ಟು: ಲಕ್ಷ ಕೋಟಿ ಎನ್ನುವಾಗ ನಮಗೇನೂ ವಿಚಿತ್ರ ಎನಿಸುವುದಿಲ್ಲವಲ್ಲ, ಅಲ್ಲಿ ನಾವೂ ಹೊಸ ಹೆಸರು ಹುಡುಕದೆ ಇದ್ದುದನ್ನೇ ಗುಣಿಸಿಕೊಂಡಿದ್ದೇವೆ. ಹಾಗೆ ನೋಡಿದರೆ ಹಳಬರು ಹತ್ತರ ಪ್ರತಿ ಮೆಟ್ಟಿಲಿಗೂ ಒಂದೊಂದು ಹೆಸರು ಕೊಟ್ಟಿದ್ದರು. ಏಕ, ದಶ, ಶತ, ಸಹಸ್ರ, ಅಯುತ, ಲಕ್ಷ, ಪ್ರಯುತ, ಕೋಟಿ ಎನ್ನುತ್ತಾ ಹೋಗುತ್ತದೆ ಆ ಪಟ್ಟಿ. ಆ ಲೆಕ್ಕದಲ್ಲಿ ಮಿಲಿಯನ್‌ಗೆ ಸರಿಸಮನಾದ ಒಂಟಿ ಪದ ಪ್ರಯುತ. ಬಳಕೆಯಲ್ಲಿ ಉಳಿದಿದ್ದರೆ ನನಗೆ ಆ ದಿನದ ಅವಮಾನ ತಪ್ಪುತ್ತಿತ್ತೇನೋ.

ಓದುವುದು ಹತೋಟಿಗೆ ಬರಲು ತಿಂಗಳು ಸಾಕಾಯಿತು. ಕೇಳಿ ಬರೆದುಕೊಳ್ಳುವುದಕ್ಕೆ ವರ್ಷವೇ ಹಿಡಿಯಿತು. ಅಲ್ಲಿ ಮೊದಲ ಶತ್ರು ಸೊನ್ನೆ. ತ್ರೀ ಮಿಲಿಯನ್ ಫೈವ್ ಥೌಸಂಡ್ ಎಂದರೆ 3,005,000. ನಾನು ಮೂರು ಬರೆದು, ಐದು ಬರೆದು, ಉಳಿದದ್ದಕ್ಕೆ ಅಂದಾಜಿನ ಮೇಲೆ ಸೊನ್ನೆ ಸುರಿಯುತ್ತಿದ್ದೆ. ಒಮ್ಮೆ 3,500,000 ಆಗುತ್ತಿತ್ತು, ಒಮ್ಮೆ 3,050,000. ಈಗ ಮಿಲಿಯನ್ ಎಂಬ ಸದ್ದು ಕಿವಿಗೆ ಬಿದ್ದ ತಕ್ಷಣ, ಮುಂದಿನ ಮಾತಿಗೆ ಕಾಯದೆ, ಮೂರರ ಮುಂದೆ ಅಲ್ಪವಿರಾಮ ಹಾಕಿ ಮೂರು ಗೆರೆ, ಮತ್ತೊಂದು ಅಲ್ಪವಿರಾಮ, ಮತ್ತೆ ಮೂರು ಗೆರೆ ಎಳೆದಿಡುತ್ತೇನೆ. ಆಮೇಲೆ ಬಂದ ಐದು ಯಾವ ಗುಂಪಿನದೋ ಅದರ ಬಲತುದಿಯ ಗೆರೆಯ ಮೇಲೆ ಕೂರುತ್ತದೆ, ಖಾಲಿ ಉಳಿದ ಗೆರೆಗಳಿಗೆಲ್ಲ ಸೊನ್ನೆ. ಪೂರ್ತಿ ಸೊನ್ನೆಯಾದ ಗುಂಪಿಗೆ ಬಾಯಲ್ಲಿ ಹೆಸರೇ ಇಲ್ಲ: 7,000,012 ಎಂಬುದು ಸೆವೆನ್ ಮಿಲಿಯನ್ ಟ್ವೆಲ್ವ್, ಬ್ರಿಟಿಷರ ಬಾಯಲ್ಲಾದರೆ ಸೆವೆನ್ ಮಿಲಿಯನ್ ಆಂಡ್ ಟ್ವೆಲ್ವ್. ಥೌಸಂಡ್ ಎಂಬ ಮಾತೇ ಬರಲಿಲ್ಲ ಎಂಬುದನ್ನೂ ಕಿವಿ ಗಮನಿಸಬೇಕು.

ಎರಡನೇ ಕಷ್ಟ ಯಾಕೆ ಎಂದು ತಿಳಿಯಲು ಬಹಳ ದಿನ ಬೇಕಾಯಿತು. ಕನ್ನಡದಲ್ಲಿ ಸಂಖ್ಯೆ ಮುಗಿಯಿತೋ ಇನ್ನೂ ಇದೆಯೋ ಎಂಬುದನ್ನು ಪದವೇ ಹೇಳಿಬಿಡುತ್ತದೆ. ಇನ್ನೂರು ಎಂದರೆ ಮುಗಿಯಿತು. ಇನ್ನೂರ ಎಂದರೆ ಕಾಯಬೇಕು. ಸಾವಿರ ಎಂದರೆ ಪೆನ್ನು ಕೆಳಗಿಡಬಹುದು. ಸಾವಿರದ ಎಂದರೆ ಹಿಡಿದೇ ಇರಬೇಕು. ಲಕ್ಷ–ಲಕ್ಷದ, ಕೋಟಿ–ಕೋಟಿಯ ಹೀಗೆ ಬಾಲವೇ ಸುಳಿವು. ಇಂಗ್ಲಿಷಿನಲ್ಲಿ ಟೂ ಹಂಡ್ರೆಡ್ ಎಂದಾಗ ಆ ಬಾಲವಿಲ್ಲ. ನಾನು 200 ಬರೆದು ಮುಗಿಸಿರುತ್ತಿದ್ದೆ, ಹಿಂದೆಯೇ “ಥರ್ಟಿ ಒನ್ ಥೌಸಂಡ್” ಬಂದು ಎಲ್ಲ ಹೊಡೆದುಹಾಕಬೇಕಾಗುತ್ತಿತ್ತು. ಅಲ್ಲಿ ಸುಳಿವು ಇರುವುದು ರಾಗದಲ್ಲಿ. ಇನ್ನೂ ಇದ್ದರೆ ದನಿ ತುಸು ಮೇಲೆ ನಿಂತಿರುತ್ತದೆ, ಮುಗಿದಾಗ ಇಳಿಯುತ್ತದೆ. ಇದು ಗೊತ್ತಾದ ಮೇಲೆ ನಾನು ಹೇಳುವಾಗಲೂ ಪ್ರತಿ ಅಲ್ಪವಿರಾಮದ ಹೆಸರಿನ ನಂತರ ಚೂರು ನಿಂತು, ದನಿಯನ್ನು ಮೇಲೇ ಇಟ್ಟು, ಕೊನೆಯ ತುಂಡಿಗೆ ಇಳಿಸಲು ಕಲಿತೆ. ಆಮೇಲೆ “ಸಾರಿ, ಕ್ಯಾನ್ ಯೂ ರಿಪೀಟ್?” ಎಂಬ ಪ್ರಶ್ನೆ ಕಡಿಮೆಯಾಯಿತು. ನನ್ನ ಉಚ್ಚಾರಣೆ ಕೆಟ್ಟದು ಎಂದು ಅಷ್ಟು ದಿನ ಕೊರಗಿದ್ದೆ. ತೊಂದರೆ ಇದ್ದದ್ದು ಉಸಿರು ಬಿಡದೆ ಒಂದೇ ಓಟಕ್ಕೆ ಓದುವುದರಲ್ಲಿ.

ಉಚ್ಚಾರಣೆಯಲ್ಲಿ ನಿಜವಾಗಿಯೂ ಕೈಕೊಡುವುದು ಥರ್ಟೀನ್–ಥರ್ಟಿ, ಫಿಫ್ಟೀನ್–ಫಿಫ್ಟಿ ಜೋಡಿಗಳು. ನಾವು ಎರಡನ್ನೂ ಮೊದಲ ಅಕ್ಷರಕ್ಕೇ ಒತ್ತು ಕೊಟ್ಟು ಹೇಳುತ್ತೇವೆ. ಹದಿಮೂರಿಗೆ ಕೊನೆಯ ಟೀನ್ ಎಳೆಯಬೇಕು, ಮೂವತ್ತಕ್ಕೆ ಕೊನೆ ಮೊಟಕಾಗಬೇಕು. ಅನುಮಾನ ಬಂದರೆ “ಒನ್ ಫೈವ್ ಆರ್ ಫೈವ್ ಝೀರೋ?” ಎಂದು ಕೇಳಿಬಿಡುತ್ತೇನೆ, ಅದರಲ್ಲಿ ನಾಚಿಕೆಯಿಲ್ಲ, ಇಂಗ್ಲಿಷ್ ಮನೆಮಾತಿನವರೂ ಕೇಳುತ್ತಾರೆ. ಮಿಲಿಯನ್–ಬಿಲಿಯನ್ ಇನ್ನೂ ಅಪಾಯ. ಮ ಮತ್ತು ಬ ಎರಡೂ ನಮ್ಮ ಪವರ್ಗದವು, ತುಟಿ ಮುಚ್ಚಿ ತೆರೆದರೆ ಆಯಿತು. ಲೈನ್ ಗೊರಗೊರ ಎನ್ನುತ್ತಿದ್ದರೆ ಕಿವಿಗೆ ವ್ಯತ್ಯಾಸ ತಿಳಿಯದು, ಆದರೆ ಅಂತರ ಸಾವಿರ ಪಟ್ಟು. ಅಂದಹಾಗೆ ಇಂಗ್ಲಿಷಿನಲ್ಲಿ ಒಂದರಿಂದ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯುತ್ತಾ ಹೋದರೆ ಬಿ ಎಂಬ ಅಕ್ಷರ ಮೊದಲ ಬಾರಿ ಸಿಗುವುದೇ ಬಿಲಿಯನ್‌ನಲ್ಲಿ. ನಾನಂತೂ ಬಿಲಿಯನ್ ಹೇಳಿದ ಕೂಡಲೇ “ವಿತ್ ಎ ಬಿ” ಎಂದು ಸೇರಿಸುತ್ತೇನೆ.

ದಶಮಾಂಶದ ಮಿಲಿಯನ್‌ಗೆ ಬೇಗ ಒಗ್ಗಿಕೊಂಡೆ. ಒನ್ ಪಾಯಿಂಟ್ ಓ ಫೈವ್ ಮಿಲಿಯನ್ ಕೇಳಿದರೆ ಚುಕ್ಕಿಯ ನಂತರ ಮೂರು ಅಂಕಿಯಾಗುವಂತೆ ಸೊನ್ನೆ ತುಂಬುತ್ತೇನೆ: 1.050, ಆ 050 ಥೌಸಂಡ್‌ನ ಗುಂಪು. 1,050,000. ಫೈವ್ ಮಿಲಿಯನ್ಸ್ ಎನ್ನಬಾರದು, ಎಣಿಕೆ ಜೊತೆಗಿದ್ದಾಗ ಬಹುವಚನವಿಲ್ಲ; ಮಿಲಿಯನ್ಸ್ ಆಫ್ ಎಂದು ರಾಶಿಯ ಮಾತಾಡುವಾಗ ಮಾತ್ರ.

ಬಿಲಿಯನ್ ಎಂಬ ಹೆಸರೇ ನನ್ನನ್ನು ಕಾಡಿತ್ತು. ಬೈ ಎಂದರೆ ಎರಡಲ್ಲವೇ, ಅಲ್ಪವಿರಾಮ ಮೂರು ಯಾಕೆ? ಹುಡುಕಿದಾಗ ಸಿಕ್ಕಿದ್ದು ಹಳೆಯ ಜಗಳ. 1484ರಲ್ಲಿ ಫ್ರಾನ್ಸಿನ ಗಣಿತಜ್ಞ ನಿಕೊಲಾ ಶುಕೆ ಬರೆದಿಟ್ಟ ಕ್ರಮದಲ್ಲಿ ಬಿಲಿಯನ್ ಎಂದರೆ ಮಿಲಿಯನ್ ಗುಣಿಸು ಮಿಲಿಯನ್, ಟ್ರಿಲಿಯನ್ ಎಂದರೆ ಮೂರು ಮಿಲಿಯನ್‌ಗಳ ಗುಣಲಬ್ಧ. ಅಲ್ಲಿ ಎರಡು, ಮೂರು ಎಂಬ ಹೆಸರಿಗೆ ಅರ್ಥವಿತ್ತು. ಬ್ರಿಟನ್ನಿನಲ್ಲಿ ಅದೇ ನಡೆಯುತ್ತಿತ್ತು, ಅಮೆರಿಕದಲ್ಲಿ ಬಿಲಿಯನ್ ಎಂದರೆ ಸಾವಿರ ಮಿಲಿಯನ್. 1974ರಲ್ಲಿ ಬ್ರಿಟಿಷ್ ಸರ್ಕಾರವೂ ತನ್ನ ಅಂಕಿ ಅಂಶಗಳಲ್ಲಿ ಸಾವಿರ ಮಿಲಿಯನ್‌ನ ಅರ್ಥವನ್ನೇ ಒಪ್ಪಿಕೊಂಡಿತು. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಈಗಲೂ ಸಾವಿರ ಮಿಲಿಯನ್‌ಗೆ ಮಿಲಿಯಾರ್ಡ್ ಎಂಬ ಬೇರೆ ಹೆಸರಿದೆ, ಬಿಲಿಯನ್‌ಗೆ ಅಲ್ಲಿ ಹಳೆಯ ಅರ್ಥವೇ ಇದೆ. ಇಂಗ್ಲಿಷಿನ ದೊಡ್ಡ ಸಂಖ್ಯೆ ಕಂಡು ತಡವರಿಸುವವರು ನಾವಷ್ಟೇ ಅಲ್ಲ ಎಂದು ತಿಳಿದು ಒಳಗೊಳಗೇ ಖುಷಿಯಾಯಿತು.

ಇನ್ನು ಲಕ್ಷ–ಮಿಲಿಯನ್ ಕೋಷ್ಟಕ. ಅದನ್ನು ನಾನು ಬಿಸಾಡಿಲ್ಲ, ಜಾಗ ಬದಲಿಸಿದೆ ಅಷ್ಟೇ. ಓದಿ ಹೇಳುವಾಗ ಅದು ಬೇಡ, ಎಷ್ಟಾಯಿತು ಎಂದು ಒಳಗೆ ಅರಿಯಲು ಬೇಕು. ಮಿಲಿಯನ್ ಇದ್ದರೆ ಒಂದು ಸೊನ್ನೆ ಸೇರಿಸಿ ಲಕ್ಷ ಎನ್ನುತ್ತೇನೆ, ಬಿಲಿಯನ್ ಇದ್ದರೆ ಎರಡು ಸೊನ್ನೆ ಸೇರಿಸಿ ಕೋಟಿ. ಟ್ರಿಲಿಯನ್ ನೇರವಾಗಿ ಲಕ್ಷ ಕೋಟಿ. ವಿಶ್ವದ ವಯಸ್ಸು ಸುಮಾರು 13.8 ಬಿಲಿಯನ್ ವರ್ಷ ಎಂದಾಗ ತಲೆ ಸುಮ್ಮನೆ ಆಡುತ್ತದೆ. 1,380 ಕೋಟಿ ಎಂದಾಗಲೇ ಅಬ್ಬಾ ಎನಿಸುವುದು.

ಮೊನ್ನೆ ಮತ್ತೊಂದು ಸಭೆ. ದಾಖಲೆಗಳ ಕ್ರಮಸಂಖ್ಯೆ ಎಲ್ಲಿಯವರೆಗೆ ಹೋಗಬಲ್ಲದು ಎಂಬ ಪ್ರಶ್ನೆ ಬಂತು. ಕಂಪ್ಯೂಟರಿನ 32 ಬಿಟ್‌ನ, ಅಂದರೆ 0 ಅಥವಾ 1 ಕೂರುವ 32 ಮನೆಗಳ, ಪೂರ್ಣಾಂಕದಲ್ಲಿ ಒಂದು ಬಿಟ್ ಧನ–ಋಣ ಚಿಹ್ನೆಗೆ ಹೋದರೆ ಉಳಿಯುವ ಗರಿಷ್ಠ ಸಂಖ್ಯೆ 2,147,483,647. ಮೂರು ಅಲ್ಪವಿರಾಮ ಎಣಿಸಿಕೊಂಡೆ. ಟೂ ಬಿಲಿಯನ್, ವಿತ್ ಎ ಬಿ, ಒನ್ ಹಂಡ್ರೆಡ್ ಫಾರ್ಟಿ ಸೆವೆನ್ ಮಿಲಿಯನ್, ಫೋರ್ ಹಂಡ್ರೆಡ್ ಎಯ್ಟಿ ತ್ರೀ ಥೌಸಂಡ್, ಸಿಕ್ಸ್ ಹಂಡ್ರೆಡ್ ಫಾರ್ಟಿ ಸೆವೆನ್. ಆ ಕಡೆಯಿಂದ ಯಾರೂ ಮರುಪ್ರಶ್ನೆ ಕೇಳಲಿಲ್ಲ. ಮೈಕ್ ಮ್ಯೂಟ್ ಮಾಡಿ, ಇನ್ನೂರ ಹದಿನಾಲ್ಕು ಕೋಟಿಯ ಎಪ್ಪತ್ನಾಲ್ಕು ಲಕ್ಷದ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಅದು ಎಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಆಗ.