ಬಿಸ್ಲು, ಧೂಳು, ಸೆಕೆಂಡ್ ಹ್ಯಾಂಡ್ ಟರ್ಬೊ: ನಮ್ಮ ಕೊಪ್ಪಳ ಕಡೆ ಜೋರ್ ಓಡೋ ಸಣ್ಣ ಕಾರ್ ತಗೊಂಡು ಸಾಕೋದು ಹೆಂಗ

ನಾಲ್ಕೂವರೆ ಐದು ಲಕ್ಷದಾಗ ಓಡ್ಸಾಕ ಖುಷಿ ಕೊಡೋ ಸಣ್ಣ ಕಾರ್ ಯಾವ್ದು ತಗೊಳ್ಳಿ ಅಂತ ನಮ್ಮ ಕಡೆ ಹುಡುಗ್ರು ಭಾಳ ಮಂದಿ ನನ್ನ ಕೇಳ್ತಾರ. ಬೆಂಗ್ಳೂರಾಗ ಇರೋರ್ನ ಕೇಳಿದ್ರ ಒಂದು ಉತ್ತರ ಬರ್ತೈತಿ, ಅದು ಬೆಂಗ್ಳೂರಿಗೆ ಸರಿ, ಆದ್ರ ಏಪ್ರಿಲ್ ತಿಂಗ್ಳು ಮಧ್ಯಾಹ್ನ ಎರಡು ಗಂಟೆಗೆ ಗಿಣಿಗೇರಾ ಹತ್ರ ಲಾರಿ ಹಿಂದ ನಿಂತಾಗ ಆ ಉತ್ತರ ಕೆಲಸಕ್ಕ ಬರಂಗಿಲ್ಲ. ನನ್ನ ಹತ್ರ ಮೂರು ವರ್ಷದಿಂದ 2018ರ ಮಾರುತಿ ಬಲೆನೊ ಆರ್‌ಎಸ್ ಐತಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 38 ಸಾವಿರ ಕಿಲೋಮೀಟರ್ ನಾನಾ ಓಡ್ಸೀನಿ, ಅದ್ರಿಂದ ಕಲ್ತಿದ್ದು ಬರೀತೀನಿ. ನಮ್ಮ ಕಡೆ ಇಂಥ ಕಾರ್ ತಗೊಳ್ಳೋವಾಗ ಪವರ್ ಎಷ್ಟು ಅನ್ನೋದಕ್ಕಿಂತ ಮೊದ್ಲು ಮೂರು ನೋಡ್ಬೇಕು: ಬಿಸ್ಲು ತಡೀತೈತೇನು, ಧೂಳು ಒಳಗ ಹೋಗೇತೇನು, ಕೆಟ್ರ ರಿಪೇರಿ ಮಾಡೋರು ಎಷ್ಟು ದೂರ ಅದಾರ.

ಮೊದ್ಲು ಯಾವ ಕಾರ್ ಅನ್ನೋದು. ಮಂದಿ ಹೆಚ್ಚು ಆಸೆ ಪಡೋದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮ್ಯಾಲೆ, 2013ರಾಗ ಬಂತು, 1.2 ಲೀಟರ್ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬಿ ಪವರ್ ಹೆಚ್ಚಿಸೋದು), 105 ಪಿಎಸ್ (ಪವರ್ ಅಳತಿ, ಹೆಚ್ಚೂಕಮ್ಮಿ ಹಾರ್ಸ್‌ಪವರ್ ಇದ್ದಂಗ), 7 ಸ್ಪೀಡ್ ಡಿಎಸ್‌ಜಿ ಅನ್ನೋ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಓಡ್ಸಾಕ ಬಂಗಾರದಂಥ ಕಾರ್, ನಾನೂ ಓಡ್ಸೀನಿ. ಆದ್ರ ಆ ಡಿಎಸ್‌ಜಿಯಾಗ ಇರೋದು ಡ್ರೈ ಕ್ಲಚ್, ಅಂದ್ರ ಆಯಿಲ್‌ನಾಗ ಮುಳುಗಿರಂಗಿಲ್ಲ, ಟ್ರಾಫಿಕ್‌ನಾಗ ಇಂಚಿಂಚು ತಳ್ಳಿದಷ್ಟೂ ಕಾಯ್ತೈತಿ, ಅದ್ರ ಜೊತಿಗೆ ಮೆಕಾಟ್ರಾನಿಕ್ ಯೂನಿಟ್ ಅಂತ ಗೇರ್ ಬದ್ಲಾಯಿಸೋ ಕಂಪ್ಯೂಟರ್ ಪೆಟ್ಟಿಗಿ ಒಂದೈತಿ, ಅದು ಕೈ ಕೊಟ್ರ ಬಿಲ್ ಲಕ್ಷದ ಲೆಕ್ಕದಾಗ ಬರ್ತೈತಿ. ಅದು ಗೊತ್ತಿದ್ದೂ ಬೇಕಂದ್ರ ತಗೋರಿ, ಕಾರಿನ ರೇಟಿನ ಹೊರಗ ಒಂದು ಲಕ್ಷ ಬ್ಯಾರೆ ಇಟ್ಟು ತಗೋರಿ. ಪೋಲೋನಾ ಬೇಕಂದ್ರ 2020ರ ಮ್ಯಾಲಿಂದು 1.0 ಟಿಎಸ್‌ಐ, 110 ಪಿಎಸ್, 6 ಗೇರಿನ ಮ್ಯಾನುಯಲ್ ನೋಡ್ರಿ, ರೇಟ್ ಜಾಸ್ತಿ ಆದ್ರ ತಲಿಬ್ಯಾನಿ ಕಡಿಮಿ. ಪೋಲೋ ನಮ್ಮ ದೇಶದಾಗ 2022ಕ್ಕ ನಿಂತೈತಿ ಅನ್ನೋದೂ ತಲ್ಯಾಗಿರ್ಲಿ. ಫಿಯೆಟ್‌ದು ಅಬಾರ್ಥ್ ಪುಂಟೊ, 1.4 ಟರ್ಬೊ, 145 ಎಚ್‌ಪಿ, ಈ ಎಲ್ಲಾದ್ರಾಗ ಜೋರ್ ಅದಾ, ಆದ್ರ ಕಂಪನಿನಾ ಕಾರ್ ಮಾರೋದು ಬಿಟ್ಟೈತಿ, ಒಂದು ಸಣ್ಣ ಪಾರ್ಟ್‌ಗೂ ಪುಣೆ ಕೊಯಮತ್ತೂರಿಗೆ ಫೋನ್ ಹಚ್ಚೋ ತಾಳ್ಮಿ ಇದ್ದೋರಿಗೆ ಅದು. ಟಾಟಾದ ಟಿಯಾಗೊ ಜೆಟಿಪಿ 2018ರಾಗ ಬಂದು 2020ರಾಗ ಹೋತು, 114 ಪಿಎಸ್, ಸಿಕ್ರ ನೋಡ್ರಿ, ಸಿಗೋದು ಕಮ್ಮಿ. ಡೀಸೆಲ್ ಬೇಕಂದ್ರ ಫೋರ್ಡ್ ಫಿಗೊ 1.5, 100 ಪಿಎಸ್, 215 ಎನ್‌ಎಂ ಟಾರ್ಕ್ (ಎಳಿಯೋ ಶಕ್ತಿ), ಹೈವೇ ಮ್ಯಾಲೆ ಭಾಳ ಛಲೋ ಎಳೀತೈತಿ.

ನಾ ಆರ್‌ಎಸ್ ಹಿಡಿದಿದ್ದು ಯಾಕಂದ್ರ 1 ಲೀಟರ್ ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಅನ್ನೋ ಟರ್ಬೊ ಇಂಜಿನ್, 102 ಪಿಎಸ್, 150 ಎನ್‌ಎಂ, ಕಾರಿನ ತೂಕ ಒಂದು ಟನ್‌ಗಿಂತ ಕಮ್ಮಿ, ಹಿಂದೂ ಡಿಸ್ಕ್ ಬ್ರೇಕ್, 5 ಗೇರಿನ ಮ್ಯಾನುಯಲ್. ಪೇಪರ್ ಮ್ಯಾಲೆ ದೊಡ್ಡದೇನಲ್ಲ. ಆದ್ರ ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಶ್, ಹೆಡ್‌ಲೈಟು, ಬಂಪರ್ರು ಭಾಳಷ್ಟು ಸಾದಾ ಬಲೆನೊದ್ದಾ ಕೂಡ್ತಾವು, ಕೊಪ್ಪಳ ಗಂಗಾವತಿ ಹೊಸಪೇಟ್ಯಾಗ ಕೈ ಹಚ್ಚೋ ಮೆಕ್ಯಾನಿಕ್ ಸಿಗ್ತಾರ. ಟರ್ಬೊ ಮತ್ತ ಇಂಜಿನ್ನಿನ ಒಳಗಿಂದು ಮಾತ್ರ ಬ್ಯಾರೆ, ಆರ್ಡರ್ ಹಾಕಿ ಕಾಯ್ಬೇಕು. ಆರ್‌ಎಸ್ ನೋಡೋರು ಒಂದು ಮರೀಬ್ಯಾಡ್ರಿ: 2023ರ ಏಪ್ರಿಲ್‌ನಾಗ ಕಂಪನಿ 7,213 ಆರ್‌ಎಸ್ ವಾಪಸ್ ಕರ್ಸಿತ್ತು, 2016ರ ಅಕ್ಟೋಬರ್‌ನಿಂದ 2019ರ ನವೆಂಬರ್ 1ರ ತನಕ ಮಾಡಿದ್ವು. ಬ್ರೇಕಿಗೆ ಸಹಾಯ ಮಾಡೋ ವ್ಯಾಕ್ಯೂಮ್ ಪಂಪ್‌ನಾಗ ತೊಂದ್ರಿ ಇರ್ಬೋದು ಅಂತ, ಅದು ಕೆಟ್ರ ಪೆಡಲ್ ಒತ್ತಾಕ ಜಾಸ್ತಿ ಜೋರ್ ಬೇಕಾಗ್ತೈತಿ. ಚಾಸಿಸ್ ನಂಬರ್ ತಗೊಂಡು ಸರ್ವಿಸ್ ಸೆಂಟರ್‌ನಾಗ ಕೇಳ್ರಿ, ಆ ಕೆಲ್ಸ ಆಗೇತೋ ಇಲ್ಲೋ ಹೇಳ್ತಾರ. ಆಗಿಲ್ಲಂದ್ರ ಮಾಡ್ಸೋ ತನಕ ರೊಕ್ಕ ಕೊಡಬ್ಯಾಡ್ರಿ.

ಈಗ ಕಾರ್ ನೋಡಾಕ ಹೋಗೋದು. ಬೆಳಿಗ್ಗೆ ಹೋಗ್ರಿ, ಬರೋಕಿಂತ ಮೊದ್ಲು ಸ್ಟಾರ್ಟ್ ಮಾಡಬ್ಯಾಡ್ರಿ ಅಂತ ಫೋನ್‌ನಾಗಾ ಹೇಳ್ರಿ, ಹೋದ ಕೂಡ್ಲೆ ಬಾನೆಟ್ ಮ್ಯಾಲೆ ಕೈ ಇಡ್ರಿ, ಬಿಸಿ ಇತ್ತಂದ್ರ ಮೊದ್ಲಾ ಸ್ಟಾರ್ಟ್ ಮಾಡಿ ಬಿಟ್ಟಾರ, ಕೋಲ್ಡ್ ಸ್ಟಾರ್ಟ್‌ನಾಗ ಕಾಣೋ ಹೊಗಿ, ಕೇಳೋ ಸದ್ದು ನಿಮ್ಗ ಸಿಗಬಾರ್ದು ಅಂತ. ಆಮ್ಯಾಲೆ ಏರ್ ಫಿಲ್ಟರ್ ಡಬ್ಬಿ ತಗೀರಿ, ಇದು ನನ್ನ ದೊಡ್ಡ ಮಾತು. ನಾನು ಮೊದ್ಲು ನೋಡಿದ್ದು ಬಳ್ಳಾರಿ ಕಡಿ ಒಂದು ಕಾರ್, ಹೊರಗ ಪಾಲಿಶ್ ಹೊಡ್ದು ಮುಖ ಕಾಣೋ ಹಂಗ ಮಾಡಿದ್ರು, ಫಿಲ್ಟರ್ರೂ ಹೊಸಾದು. ಆದ್ರ ಫಿಲ್ಟರ್ ಎತ್ತಿ ಅದ್ರ ಆಕಡಿ, ಅಂದ್ರ ಇಂಜಿನ್ ಕಡಿ ಇರೋ ಪೈಪಿನ ಒಳಗ ಬಿಳಿ ಬಟ್ಟಿ ತಿರುವಿದೆ, ಬಟ್ಟಿ ಕುಂಕುಮ ಹತ್ತಿದಂಗ ಕೆಂಪಗ ಬಂತು. ಸಂಡೂರು ತೋರಣಗಲ್ಲು ಕಡಿ ಓಡಿದ ಗಾಡಿ, ಅದಿರಿನ ಧೂಳು, ಫಿಲ್ಟರ್ ದಾಟಿ ಒಳಗ ಹೋಗೇತಿ. ಟರ್ಬೊದ ಗಾಳಿ ಎಳಿಯೋ ಸಣ್ಣ ಫ್ಯಾನ್ ನಿಮಿಷಕ್ಕ ಲಕ್ಷಕ್ಕೂ ಮ್ಯಾಲೆ ಸುತ್ತು ತಿರುಗ್ತೈತಿ, ಅದಕ್ಕ ಈ ಧೂಳು ತಾಗಿದ್ರ ಉಸುಕಿನ ಕಾಗದ ಉಜ್ಜಿದಂಗ, ಅಲ್ಲಿಂದ ಮುಂದ ಸಿಲಿಂಡರ್ರಿಗೂ ಅದಾ ಧೂಳು. ನಮಸ್ಕಾರ ಹೇಳಿ ಬಂದೆ. ಒಂದು ಬಿಳಿ ಬಟ್ಟಿ, ಒಂದು ಸ್ಕ್ರೂ ಡ್ರೈವರ್, ಐದು ನಿಮಿಷ, ಅಷ್ಟಾ ಬೇಕಾಗಿದ್ದು.

ಹಂಗಾ ಟರ್ಬೊದಿಂದ ಬರೋ ಬಿಸಿ ಗಾಳಿ ತಂಪು ಮಾಡೋ ಇಂಟರ್‌ಕೂಲರ್ ಪೈಪಿನ ಜಾಯಿಂಟ್ ನೋಡ್ರಿ, ಸ್ವಲ್ಪ ಆಯಿಲ್ ಒರಸಿದಂಗ ಇದ್ರ ನಡೀತೈತಿ, ಹನಿ ಕಟ್ಟಿ ಸುರೀತಿದ್ರ ಟರ್ಬೊ ಸೀಲ್ ಹೋಗಿರ್ಬೋದು. ಕೂಲಂಟ್ ಟ್ಯಾಂಕಿನಾಗ ಬಣ್ಣದ ಕೂಲಂಟ್ ಐತೋ ಬೋರ್ ನೀರು ಹಾಕ್ಯಾರೋ ನೋಡ್ರಿ. ನಮ್ಮ ಬೋರ್ ನೀರಾಗ ಉಪ್ಪಿನಂಶ ಎಷ್ಟು ಅನ್ನೋದು ಚಾ ಕಾಸೋ ಪಾತ್ರಿ ತಳ ನೋಡಿದ್ರಾ ಗೊತ್ತಾಗ್ತೈತಿ, ಅದಾ ರೇಡಿಯೇಟರ್ ಒಳಗೂ ಕಟ್ಟಿರ್ತೈತಿ. ಗಂಗಾವತಿ ಕಾರಟಗಿ ಸಿಂಧನೂರು ಕಡಿ ಓಡಿದ ಗಾಡಿ ಆದ್ರ ಭತ್ತದ ಸುಗ್ಗ್ಯಾಗ ಹಾರೋ ಹೊಟ್ಟು ರೇಡಿಯೇಟರ್ ಜಾಳಿಗ್ಯಾಗ ತುಂಬಿರ್ತೈತಿ, ಟಾರ್ಚ್ ಹಾಕಿ ನೋಡ್ರಿ.

ಕಾರಿನ ಕಂಪ್ಯೂಟರ್ ಓದೋ ಒಬಿಡಿ ಸ್ಕ್ಯಾನರ್ ಸಾವಿರ ರೂಪಾಯಿ ಒಳಗ ಬ್ಲೂಟೂತ್‌ದು ಸಿಗ್ತೈತಿ, ಸ್ಟೇರಿಂಗ್ ಕೆಳಗ ಚುಚ್ಚಿ ಮೊಬೈಲ್‌ನಾಗ ನೋಡೋದು. ಎರರ್ ಕೋಡ್ ಇಲ್ಲಂದ್ರ ಖುಷಿ ಪಟ್ಟು ಮುಗ್ಸಬ್ಯಾಡ್ರಿ, ಅದ್ರಾಗಾ ರೆಡಿನೆಸ್ ಅಂತ ಒಂದು ಪುಟ ಇರ್ತೈತಿ, ಕಾರ್ ತನ್ನ ತಾನಾ ಮಾಡ್ಕೊಳ್ಳೋ ಪರೀಕ್ಷೆ ಮುಗ್ದಾವೋ ಇಲ್ಲೋ ತೋರ್ಸೋದು, ಅಲ್ಲಿ ಭಾಳಷ್ಟು ನಾಟ್ ರೆಡಿ ಅಂತ ತೋರ್ಸಿದ್ರ ಇತ್ತೀಚಿಗೆ ಕೋಡ್ ಅಳ್ಸ್ಯಾರ ಅಥವಾ ಬ್ಯಾಟ್ರಿ ತಗದು ಹಾಕ್ಯಾರ ಅಂತ ಅರ್ಥ. ಯಾಕ ಅಂತ ಕೇಳ್ರಿ, ಉತ್ತರ ಕೊಡೋ ಮುಖ ನೋಡ್ರಿ. ಟೈರಿನ ಪಕ್ಕದಾಗ ಕಡೀ ನಾಲ್ಕು ಅಂಕಿ ಇರ್ತಾವು, 2318 ಅಂದ್ರ 2018ರ 23ನೇ ವಾರ. ಮೀಟರ್ 30 ಸಾವಿರ ಅಂತೈತಿ, ಟೈರ್ ನಾಲ್ಕೂ ಆಗ್ಲೇ ಒಂದ್ಸಲ ಬದಲಾಗ್ಯಾವು, ಬ್ರೇಕ್ ಪೆಡಲ್ ರಬ್ಬರ್ ಸವ್ದು ನುಣ್ಣಗ ಆಗೇತಿ ಅಂದ್ರ ಆ ಮೀಟರ್ ನಂಬಬ್ಯಾಡ್ರಿ. ಸೀಟ್ ಬೆಲ್ಟ್ ಕೊನೀತನಕ ಎಳ್ದು ನೋಡ್ರಿ, ನೀರಾಗ ಮುಳುಗಿದ ಗಾಡಿ ಆದ್ರ ಬೆಲ್ಟಿನ ತುದಿಗೆ ಮಣ್ಣಿನ ಗೆರಿ ಇರ್ತೈತಿ. 2015ರ ಚೆನ್ನೈ ನೆರಿ, 2018ರ ಕೇರಳ ನೆರಿ ಕಂಡ ಕಾರ್‌ಗಳು ಊರೂರು ಹೋಗ್ಯಾವು, ಇಲ್ಲಿಗೆ ಬರಂಗಿಲ್ಲ ಅಂತ ಯಾರೂ ಹೇಳಾಕ ಆಗಂಗಿಲ್ಲ.

ಟೆಸ್ಟ್ ಡ್ರೈವ್ ಅಂದ್ರ ಊರಾಗ ಎರಡು ಸುತ್ತು ಅಲ್ಲ. ಹೈವೇಕ್ಕ ಬರ್ರಿ, ಮೂರನೇ ಗೇರ್, 1,800 ಆರ್‌ಪಿಎಂ, ಅಲ್ಲಿಂದ ಪೂರ್ತಿ ಆಕ್ಸಿಲೇಟರ್ ಒತ್ರಿ, ಟರ್ಬೊ ಒಂದಾ ಸಮ ಎಳೀಬೇಕು, ನಡುವ ಜಗ್ಗಿ ಬಿಟ್ಟಂಗ ಆಗಬಾರ್ದು, ಕನ್ನಡ್ಯಾಗ ನೀಲಿ ಹೊಗಿ ಕಾಣಬಾರ್ದು. ಆಮ್ಯಾಲೆ ಎಸಿ ಹಾಕ್ಕೊಂಡಾ ಬಿಸ್ಲಾಗ ಹದಿನೈದು ನಿಮಿಷ ನಿಲ್ಸ್ರಿ, ಟೆಂಪರೇಚರ್ ಏರ್ತೈತೇನು, ರೇಡಿಯೇಟರ್ ಫ್ಯಾನ್ ಟೈಮಿಗೆ ಹಾಕ್ಕೊಂತೈತೇನು ನೋಡ್ರಿ. ಮಳಿಗಾಲದಾಗ ಕಾರ್ ತಗೊಳ್ಳೋರಿಗೆ ಈ ಪರೀಕ್ಷೆ ಮುಂದಿನ ಮಾರ್ಚ್ ತನಕ ಸಿಗಂಗಿಲ್ಲ, ಅದಕ್ಕ ಬ್ಯಾಸಿಗ್ಯಾಗಾ ನೋಡೋದು ಛಲೋ.

ಪೇಪರ್ ವಿಷಯ. ನಮ್ಮ ಕಡೆ ಕೆಎ 34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ, ಈ ಗಾಡಿ ತಗೊಂಡ್ರ ಫಾರಂ 29, 30 ಹಾಕಿ ಹೆಸ್ರು ಬದ್ಲಾಯಿಸ್ಕೊಂಡ್ರ ಮುಗೀತು. ಆದ್ರ ಕರ್ನೂಲು, ಅನಂತಪುರ, ಹೈದರಾಬಾದ್ ಗಾಡಿ ಐವತ್ತು ಅರವತ್ತು ಸಾವಿರ ಕಮ್ಮಿಗೆ ಸಿಗ್ತಾವು, ಅಲ್ಲಿ ಮಂದಿ ಎಡುವೋದು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದ್ರ ತಕರಾರಿಲ್ಲ ಅನ್ನೋ ಪತ್ರ ತರ್ಬೇಕು, ಅದು ಫಾರಂ 28, ಒಂದು ವರ್ಷದೊಳಗ ಇಲ್ಲಿ ನಂಬರ್ ಮಾಡ್ಸಬೇಕು, ಲೈಫ್ ಟ್ಯಾಕ್ಸ್ ಇಲ್ಲಿ ಮತ್ತ ಕಟ್ಬೇಕು, ಕರ್ನಾಟಕದ ಟ್ಯಾಕ್ಸ್ ದೇಶದಾಗಾ ಜಾಸ್ತಿ ಇರೋದ್ರಾಗ ಒಂದು. ಮೊದ್ಲು ಆರ್‌ಟಿಒ ಆಫೀಸಿಗೆ ಹೋಗಿ ಆ ಗಾಡಿ ಎಷ್ಟು ವರ್ಷ ಹಳೇದು ಅನ್ನೋದ್ರ ಮ್ಯಾಲೆ ಟ್ಯಾಕ್ಸ್ ಎಷ್ಟು ಬೀಳ್ತೈತಿ ಕೇಳ್ರಿ, ಆಮ್ಯಾಲೆ ರೇಟ್ ಮಾತಾಡ್ರಿ, ಎಷ್ಟೋ ಸಲ ಉಳ್ಸಿದ್ದೆಲ್ಲಾ ಅಲ್ಲೇ ಹೋಗ್ತೈತಿ. ಲೋನ್ ಇದ್ರ ಬ್ಯಾಂಕಿನ ಎನ್‌ಒಸಿ ಮತ್ತ ಲೋನ್ ತೀರಿತು ಅನ್ನೋ ಫಾರಂ 35 ಕೈಗೆ ಬರೋ ತನಕ ಪೂರ್ತಿ ರೊಕ್ಕ ಕೊಡಬ್ಯಾಡ್ರಿ. ಎಂ-ಪರಿವಾಹನ್ ಆಪ್‌ನಾಗ ನಂಬರ್ ಹಾಕಿ ಚಲನ್ ಬಾಕಿ ನೋಡ್ರಿ. ಇನ್ಶೂರೆನ್ಸ್ ಹದಿನಾಲ್ಕು ದಿನದೊಳಗ ನಿಮ್ಮ ಹೆಸ್ರಿಗೆ ಮಾಡ್ಸ್ಕೋರಿ, ಹಳೇ ಓನರ್ರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೋರಿಗೆ ಸಿಗೋ ಪ್ರೀಮಿಯಂ ರಿಯಾಯ್ತಿ) ನಿಮ್ಗ ಬರಂಗಿಲ್ಲ, ಅದು ಅವ್ರ ಜೊತಿಗೆ ಹೋಗ್ತೈತಿ, ಆ ವ್ಯತ್ಯಾಸ ಕಟ್ಬೇಕಾಗ್ತೈತಿ.

ನಾ ಕಾರಿಗೆ ಕೊಟ್ಟಿದ್ದು 4 ಲಕ್ಷ 60 ಸಾವಿರ, ಮೊದಲ ಎರಡು ತಿಂಗ್ಳಾಗ ಮತ್ತ 48 ಸಾವಿರ ಹಾಕಿದೆ: ನಾಲ್ಕು ಟೈರ್, ಎಲ್ಲಾ ಆಯಿಲ್, ಕೂಲಂಟ್, ಬ್ಯಾಟ್ರಿ, ಸ್ಪಾರ್ಕ್ ಪ್ಲಗ್, ಮುಂದಿನ ಬ್ರೇಕ್ ಪ್ಯಾಡ್. ಇದು ತಪ್ಪಿಸ್ಕೊಳ್ಳಾಕ ಆಗದ ಖರ್ಚು, ಅದಕ್ಕ ಕೈಯಾಗ ಐದು ಲಕ್ಷ ಇದ್ರ ನಾಲ್ಕೂವರಿ ಒಳಗಿನ ಕಾರ್ ನೋಡ್ರಿ.

ಸಾಕೋದ್ರಾಗ ನಂದು ಸೀದಾ ಲೆಕ್ಕ. ಕಂಪನಿ ಏನಾ ಹೇಳ್ಲಿ, ಇಂಜಿನ್ ಆಯಿಲ್ 7 ಸಾವಿರ ಕಿಲೋಮೀಟರಿಗೆ ಬದಲಿ, ಗ್ರೇಡ್ ಮ್ಯಾನುಯಲ್‌ನಾಗ ಇದ್ದಿದ್ದಾ, ಏರ್ ಫಿಲ್ಟರ್ 5 ಸಾವಿರಕ್ಕ ತಗದು ನೋಡೋದು, 10 ಸಾವಿರಕ್ಕ ಹೊಸಾದು. ಫಿಲ್ಟರ್ರಿಗೆ ಕಂಪ್ರೆಸರ್ ಗಾಳಿ ಜೋರಾಗಿ ಹೊಡೀಸಬ್ಯಾಡ್ರಿ, ಕಾಗದಕ್ಕ ಕಣ್ಣಿಗೆ ಕಾಣದ ತೂತು ಬೀಳ್ತಾವು. ದೂರ ಓಡ್ಸಿ ಬಂದ ಕೂಡ್ಲೆ ಆಫ್ ಮಾಡಬ್ಯಾಡ್ರಿ, ಕಡೀ ಒಂದೆರಡು ಕಿಲೋಮೀಟರ್ ನಿಧಾನ ಬಂದು, ಮನಿ ಮುಂದ ಒಂದು ನಿಮಿಷ ಐಡ್ಲಿಂಗ್ ಬಿಡ್ರಿ, ಟರ್ಬೊದ ಬೇರಿಂಗ್‌ಗೆ ಆಯಿಲ್ ಹರಿಯೋದು ಇಂಜಿನ್ ಓಡೋ ತನಕ ಅಷ್ಟಾ, ಕೆಂಪಗ ಕಾದಾಗ ನಿಲ್ಸಿದ್ರ ಅಲ್ಲಿರೋ ಆಯಿಲ್ ಸುಟ್ಟು ಕರಿ ಕಟ್ತೈತಿ. ಟೈರ್ ಗಾಳಿ ಬೆಳಿಗ್ಗೆ ತಂಪಿದ್ದಾಗ ಹಿಡೀರಿ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಾಗ ಪೆಟ್ರೋಲ್ ಸೀದಾ ಸಿಲಿಂಡರ್ರಿಗೆ ಹೋಗೋದ್ರಿಂದ ಇನ್‌ಟೇಕ್ ವಾಲ್ವ್ ತೊಳ್ಯೋರು ಯಾರೂ ಇಲ್ಲ, ಕಾರ್ಬನ್ ಕಟ್ತೈತಿ, 60-70 ಸಾವಿರಕ್ಕ ಒಮ್ಮೆ ಬಿಚ್ಚಿ ನೋಡ್ಸ್ರಿ.

ಇನ್ನೊಂದು, ಇದನ್ನ ಬ್ಯಾರೆ ಊರಿನೋರು ಬರಿಯಂಗಿಲ್ಲ. ಸುಗ್ಗಿ ಟೈಮಿನಾಗ ಹಳ್ಳಿ ರಸ್ತಿ ಮ್ಯಾಲೆ ಹುರುಳಿ, ಜ್ವಾಳ, ನವಣಿ ಹಾಸಿರ್ತಾರ, ಗಾಡಿ ಹೋದ್ರ ತುಳಿದು ಕಾಳು ಬಿಡ್ತಾವು ಅಂತ. ನನ್ನ ಕಾರ್ ತಗೊಂಡ ಮೊದಲ ಸುಗ್ಗಿ, ಕುಷ್ಟಗಿ ಕಡಿಂದ ಒಳ ರಸ್ತ್ಯಾಗ ಬರ್ತಿದ್ದೆ, ಮುಂದ ಇನ್ನೂರು ಅಡಿ ಹುರುಳಿ ಹೊಟ್ಟು, ಹೋಗೇಬಿಡ್ತೀನಿ ಅಂತ ಹೋದೆ. ಆಮ್ಯಾಲೆ ಹತ್ತು ನಿಮಿಷಕ್ಕ ಸುಟ್ಟ ವಾಸನಿ. ನಿಲ್ಸಿ ಬಗ್ಗಿ ನೋಡಿದ್ರ ಬಳ್ಳಿ ಡ್ರೈವ್ ಶಾಫ್ಟಿಗೆ ಹಗ್ಗ ಹೊಸೆದಂಗ ಸುತ್ತಿತ್ತು, ಒಂದು ಗೊಂಚಲು ಸೈಲೆನ್ಸರ್ ಪೈಪಿಗೆ ಹತ್ತಿ ತುದಿ ಕೆಂಡ ಆಗಿ ಹೊಗಿ ಬರ್ತಿತ್ತು. ಅಲ್ಲೇ ರಾಶಿ ಮಾಡ್ತಿದ್ದ ಒಬ್ರು ಕಾಕಾ ಕೊಡ ನೀರು ತಂದು ಹಾಕಿದ್ರು, ತಮ್ಮಾ, ಇಳ್ದು ತಗದು ಹೋಗ್ಬೇಕಪಾ, ಇಲ್ಲಾ ನಮ್ಗ ಕೂಗು, ನಾವಾ ಸರಸ್ತೀವಿ ಅಂದ್ರು. ಟರ್ಬೊ ಗಾಡಿ ಅಡಿ ಭಾಗ ಭಾಳ ಕಾದಿರ್ತೈತಿ, ನೆಲಕ್ಕ ಹತ್ರಾನೂ ಇರ್ತೈತಿ. ಆವತ್ತಿಂದ ಡಿಕ್ಕ್ಯಾಗ ಎರಡು ಲೀಟರ್ ನೀರು, ಒಂದು ಕುಡುಗೋಲು, ಸಣ್ಣ ಫೈರ್ ಎಕ್ಸ್‌ಟಿಂಗ್ವಿಷರ್ ಇಟ್ಟೀನಿ. ಹೊಟ್ಟು ಕಂಡ್ರ ಸುತ್ತಿ ಹೋಗ್ರಿ, ಇಲ್ಲಾ ಇಳ್ದು ಕೇಳ್ರಿ. ದಾಟಿದ್ರ ಅರ್ಧ ಕಿಲೋಮೀಟರ್‌ನಾಗ ನಿಲ್ಸಿ ಕೆಳಗ ನೋಡ್ರಿ.

ರೀಮ್ಯಾಪ್, ಅಂದ್ರ ಇಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದ್ಲಿಸಿ ಪವರ್ ಏರ್ಸೋದು, ಮಾಡ್ಸೋದು ಬ್ಯಾಡ ಅಂತೀನಿ ನಾನು. 20 ಪಿಎಸ್ ಜಾಸ್ತಿ ಬರ್ತೈತಿ ಖರೆ, ಆದ್ರ ನಮ್ಮ 42 ಡಿಗ್ರ್ಯಾಗ ಇಂಟರ್‌ಕೂಲರ್ ಮೊದ್ಲಾ ಬೆವರ್ತಿರ್ತೈತಿ, ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರ್ತೈತಿ. ಆ ರೊಕ್ಕದಾಗ ಛಲೋ ಟೈರ್, ಛಲೋ ಬ್ರೇಕ್ ಪ್ಯಾಡ್ ಹಾಕ್ರಿ, ಮರುದಿನಾನಾ ವ್ಯತ್ಯಾಸ ಗೊತ್ತಾಗ್ತೈತಿ.

ಓಡ್ಸಾಕ ಟೈಮ್ ಅಂದ್ರ ಬೆಳಿಗ್ಗೆ ಐದೂವರೆಯಿಂದ ಏಳು. ಹಿಟ್ನಾಳ ಕ್ರಾಸ್‌ನಿಂದ ಕುಷ್ಟಗಿ ಕಡಿ ನಾಲ್ಕು ಲೈನಿನ ಹೈವೇ ಖಾಲಿ ಇರ್ತೈತಿ, 100 ಲಿಮಿಟ್, ಅದ್ರೊಳಗಾ ಮೂರು-ನಾಲ್ಕು ಗೇರಿನಾಗ ಈ ಇಂಜಿನ್ ಹಾಡ್ತೈತಿ. ತಿರುವು ಬೇಕಂದ್ರ ಸಣಾಪುರ ಆನೆಗುಂದಿ ರಸ್ತಿ, ದೊಡ್ಡ ಬಂಡೆಗಲ್ಲುಗಳ ನಡುವ, ಅಲ್ಲಿ ಜೋರ್ ಬ್ಯಾಡ, ಎರಡನೇ ಗೇರಿನಾಗ ಸ್ಟೇರಿಂಗ್ ಸುಖ ಅಷ್ಟಾ ತಗೋರಿ. ಏಳರ ಮ್ಯಾಲೆ ಕುರಿ ಹಿಂಡು ಹೊರಗ ಬರ್ತಾವು, ಟ್ರ್ಯಾಕ್ಟರ್ ರಾಂಗ್ ಸೈಡಿನಾಗ ಬರ್ತಾವು, ಅಷ್ಟೊತ್ತಿಗೆ ಗಾಡಿ ಹೊಳ್ಳಿಸ್ಕೊಂಡು ಚಾ ಅಂಗಡಿ ಮುಂದ ನಿಲ್ಸಿರ್ಬೇಕು.