ವೈರ್‌ಲೆಸ್ ಪ್ಯಾಡ್ ನಿಧಾನವೇ? ಮೊದಲು ಅಡಾಪ್ಟರ್ ನೋಡಿ

ಫೋನನ್ನು ಮೇಲಿಟ್ಟರೆ ಕೇಬಲ್ ಇಲ್ಲದೆ ಚಾರ್ಜ್ ಮಾಡುವ ವೈರ್‌ಲೆಸ್ ಪ್ಯಾಡ್ ಕೊಂಡವರ ಮೊದಲ ದೂರು, ಚಾರ್ಜ್ ತುಂಬಾ ನಿಧಾನ ಅಂತ. ಎಷ್ಟೋ ಸಲ ತಪ್ಪು ಪ್ಯಾಡಿನದಲ್ಲ, ಅಡಾಪ್ಟರಿನದು. 15 ವ್ಯಾಟ್ ಪ್ಯಾಡನ್ನು ಹಳೆಯ 5 ವ್ಯಾಟ್ ಅಡಾಪ್ಟರಿಗೆ ಸಿಕ್ಕಿಸಿದರೆ ಇನ್ನೇನು ಬಂದೀತು? ಪಿಡಿ (ಪವರ್ ಡೆಲಿವರಿ ಎಂಬ ವೇಗದ ಚಾರ್ಜಿಂಗ್ ವ್ಯವಸ್ಥೆ) ಇರುವ, 20 ವ್ಯಾಟಿನ ಟೈಪ್-ಸಿ ಅಡಾಪ್ಟರ್ ಹಾಕಿ.

ಆಮೇಲೆ ಫೋನ್ ಇಡುವ ಜಾಗ. ಪ್ಯಾಡಿನೊಳಗೊಂದು, ಫೋನಿನ ಬೆನ್ನೊಳಗೊಂದು ತಾಮ್ರದ ಸುರುಳಿ ಇದೆ. ಅವೆರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಸ್ವಲ್ಪ ಸರಿದರೂ ವಿದ್ಯುತ್ ಪೋಲಾಗಿ ಬಿಸಿ ಹೆಚ್ಚುತ್ತದೆ, ಬಿಸಿಯಾದ ಫೋನ್ ತಾನೇ ವೇಗ ತಗ್ಗಿಸುತ್ತದೆ. ರಾತ್ರಿ ವೈಬ್ರೇಟ್ ಆಗಿ ಫೋನ್ ಮೆಲ್ಲಗೆ ಜಾರಿದರೆ ಬೆಳಿಗ್ಗೆ ಚಾರ್ಜೇ ಆಗಿರುವುದಿಲ್ಲ. ಮಲಗುವಾಗ ವೈಬ್ರೇಶನ್ ಆಫ್ ಮಾಡಿ, ಇಲ್ಲವೇ ಆಯಸ್ಕಾಂತದಿಂದ ಕಚ್ಚಿಕೊಳ್ಳುವ ಚೀ-2 (Qi2, ವೈರ್‌ಲೆಸ್ ಚಾರ್ಜಿಂಗ್‌ನ ಒಂದು ಮಾನದಂಡ) ಪ್ಯಾಡ್ ಕೊಳ್ಳಿ; ಅದಕ್ಕೆ ಫೋನಿನಲ್ಲೋ ಕವರಿನಲ್ಲೋ ಆಯಸ್ಕಾಂತದ ಉಂಗುರ ಇರಬೇಕು.

ಕವರ್ 3 ಮಿಲಿಮೀಟರಿಗಿಂತ ದಪ್ಪ ಬೇಡ. ಕವರಿನ ಹಿಂದೆ ಮೆಟ್ರೊ ಕಾರ್ಡ್, ಎಟಿಎಂ ಕಾರ್ಡ್ ಸಿಕ್ಕಿಸುವವರು ದಯವಿಟ್ಟು ತೆಗೆದಿಟ್ಟೇ ಚಾರ್ಜ್‌ಗೆ ಹಾಕಿ, ಕಾರ್ಡ್ ಹಾಳಾದೀತು. ಕವರಿನ ಹಿಂದೆ ಬೆರಳು ತೂರಿಸುವ ಲೋಹದ ರಿಂಗ್ ಇದ್ದರೆ ಅದೂ ಕಾದು ಸುಡುತ್ತದೆ.

ನಿಜವಾದ ಲಾಭ ಮಳೆಗಾಲದಲ್ಲಿ. ಪೋರ್ಟ್ ಒದ್ದೆಯಾಗಿದೆ ಎಂದು ಫೋನ್ ಎಚ್ಚರಿಸಿದಾಗ, ಬೆನ್ನನ್ನು ಚೆನ್ನಾಗಿ ಒರೆಸಿ ಪ್ಯಾಡಿನ ಮೇಲಿಡಬಹುದು. ಕೇಬಲ್ ಚುಚ್ಚಿ ಚುಚ್ಚಿ ಪೋರ್ಟ್ ಸಡಿಲವಾಗುವುದೂ ತಪ್ಪುತ್ತದೆ. ಆದರೆ ಹೊರಡುವ ಆತುರದಲ್ಲಿ ಕೇಬಲ್ಲೇ ವಾಸಿ.

ದುಡ್ಡು ಕೊಡುವ ಮುಂಚೆ ನಿಮ್ಮ ಫೋನಿನ ವಿವರಗಳಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇದೆಯೇ ನೋಡಿಕೊಳ್ಳಿ. ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿ ಆ ಸುರುಳಿಯೇ ಇರುವುದಿಲ್ಲ.