ಲೆಸ್ಟರ್‌ಗೆ ಬಂದರೆ ಮೂರನೇ ರಿಚರ್ಡ್‌ನನ್ನು ನೋಡುವ ಕ್ರಮ

ಊರಿಂದ ಯಾರೇ ಲೆಸ್ಟರ್‌ಗೆ ಬಂದರೂ ಅವರನ್ನು ಇಂಗ್ಲೆಂಡಿನ ಹಳೇ ರಾಜ ಮೂರನೇ ರಿಚರ್ಡ್‌ನ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನ್ನದೇ. ಹೆಚ್ಚಿನವರು ಸೀದಾ ಕೆಥೆಡ್ರಲ್‌ಗೆ ನುಗ್ಗಿ, ಸಮಾಧಿ ಮುಂದೆ ಸೆಲ್ಫಿ ತೆಗೆದು ಹೊರಡುತ್ತಾರೆ. ಹಾಗೆ ಮಾಡಬೇಡಿ. ಸಮಾಧಿ ಕೊನೆಗಿರಲಿ.

ಮೊದಲು ಎದುರಿನ ಹಳೇ ಶಾಲೆ ಕಟ್ಟಡಕ್ಕೆ ಹೋಗಿ, ಈಗ ಅದೇ ಮ್ಯೂಸಿಯಂ. ಕೆಳಗಿನ ಯುದ್ಧದ ಕತೆ ಬೇಗ ಮುಗಿಸಿ. ರಾಜ 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಯುದ್ಧದಲ್ಲಿ ಸತ್ತ, ಆಗ ವಯಸ್ಸು 32. ಅಷ್ಟು ಗೊತ್ತಿದ್ದರೆ ಸಾಕು. ಪುರುಸೊತ್ತಿನಲ್ಲಿ ನಿಲ್ಲಬೇಕಾದ್ದು ಮಹಡಿಯಲ್ಲಿರುವ ಅಸ್ಥಿಪಂಜರದ ಪ್ರತಿಕೃತಿಯ ಎದುರು.

ಬೆನ್ನುಮೂಳೆಯಿಂದ ಶುರುಮಾಡಿ. ಅದು ಪಕ್ಕಕ್ಕೆ ಬಾಗಿದೆ. ಶೇಕ್ಸ್‌ಪಿಯರ್ ನಾಟಕದವರು ಅಂಟಿಸಿದ ಗೂನು ಎಲ್ಲೂ ಇಲ್ಲ, ಒಂದು ಭುಜ ಸ್ವಲ್ಪ ಮೇಲಿತ್ತು ಅಷ್ಟೇ. ಆಮೇಲೆ ತಲೆಬುರುಡೆಯ ಹಿಂಬದಿಗೆ ಬನ್ನಿ: ಸಾಯುವ ಹೊತ್ತಿಗೆ ಬಿದ್ದ 11 ಏಟುಗಳಲ್ಲಿ 9 ತಲೆಗೇ. ಸೊಂಟದ ಭಾಗದ ಮಣ್ಣಲ್ಲಿ ಜಂತುಹುಳದ ಮೊಟ್ಟೆ ಸಿಕ್ಕಿತ್ತು. ದಿನಾ ವೈನ್ ಕುಡಿದವನಿಗೂ ಜಂತುಹುಳ ಬಿಡಲಿಲ್ಲ!

ಡಿಎನ್‌ಎ ಭಾಗದಲ್ಲಿ ಎಲ್ಲರೂ ಆಕಳಿಸುತ್ತಾರೆ. ಉಡುಪಿ ಕಡೆಯವರಿಗೆ ನಾನು ಒಂದೇ ಮಾತಲ್ಲಿ ಹೇಳುವುದು, ಇದು ಅಳಿಯಕಟ್ಟು, ಅಂದರೆ ತಾಯಿ ಕಡೆಯಿಂದ ವಂಶ ಎಣಿಸಿ ಸೋದರಳಿಯನಿಗೆ ಹಕ್ಕು ಕೊಡುವ ನಮ್ಮ ಕಡೆಯ ಪದ್ಧತಿ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಪುಟ್ಟ ಭಾಗದ ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ರಾಜನ ಅಕ್ಕ ಆ್ಯನ್‌ಳ ಹೆಣ್ಣುಸಂತಾನ ಹಿಡಿದು ಹುಡುಕಿದರು. ಲಂಡನ್ನಿನಲ್ಲಿ ಮೈಕಲ್ ಇಬ್ಸೆನ್ ಎಂಬ ಬಡಗಿ ಸಿಕ್ಕಿದ, ಡಿಎನ್‌ಎ ಹೊಂದಿತು. ಗಂಡುಸಂತಾನದ ಲೆಕ್ಕದಲ್ಲಿ ಪರೀಕ್ಷಿಸಿದ ಐವರದ್ದು ಹೊಂದಲೇ ಇಲ್ಲ. ನಡುವೆ ಎಲ್ಲೋ ಅಪ್ಪ ಬೇರೆಯಾಗಿದ್ದಾನೆ. ನಮ್ಮ ಸೋದರಮಾವ ಇಲ್ಲಿ ಜೋರಾಗಿ ನಕ್ಕು, "ನಮ್ಮ ಹಿರಿಯರೇನು ಪೆದ್ದರಾ ಮಾರಾಯ್ತಿ?" ಅಂದರು. ಸುತ್ತಲಿನವರೆಲ್ಲ ತಿರುಗಿ ನೋಡಿದರು.

ಈಗ ಕೆಳಗೆ, ರಾಜನ ಎಲುಬು ಸಿಕ್ಕ ಗುಂಡಿಯ ಮೇಲಿನ ಗಾಜಿನ ನೆಲದ ಕೋಣೆಗೆ. 2012ರ ಆಗಸ್ಟ್‌ವರೆಗೆ ಇದು ಕಾರ್ ಪಾರ್ಕಿಂಗ್. ಅಗೆತದ ಮೊದಲ ದಿನವೇ ಕಾಲಿನ ಎಲುಬು ಕಂಡಿತ್ತು. ಗುಂಡಿಯ ಉದ್ದ ಗಮನಿಸಿ, ದೇಹಕ್ಕೆ ಸಾಲದು. ತಲೆ ಎತ್ತಿಟ್ಟು ತುರುಕಿದ್ದಾರೆ. ಪೆಟ್ಟಿಗೆಯೂ ಇರಲಿಲ್ಲ.

ಇದನ್ನು ನೋಡಿಯೇ ಕೆಥೆಡ್ರಲ್‌ಗೆ ದಾಟಿ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಸ್ವಲ್ಪ ಕಾಯಿರಿ. ಆಳವಾಗಿ ಶಿಲುಬೆ ಕೊರೆದ ಬಿಳಿಚು ಕಲ್ಲಿನಡಿ, 2015ರ ಮಾರ್ಚ್ 26ರಂದು ಅವನನ್ನು ಮತ್ತೆ ಮಣ್ಣು ಮಾಡಿದರು. ಈ ಸಲ ಓಕ್ ಮರದ ಪೆಟ್ಟಿಗೆಯಿತ್ತು. ಮಾಡಿದ್ದು ಅದೇ ಬಡಗಿ, ಇಬ್ಸೆನ್.

"ಅಂದರೆ ಅಳಿಯನೇ," ಎಂದರು ಮಾವ, ಟೋಪಿ ತೆಗೆದು.